ವಿದೇಶದಲ್ಲಿ ದುಡಿಯುತ್ತಾ ತಂಗುವ ವೀಸಾ: ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಯುವಜನರು ತಿಳಿದಿರಬೇಕಾದ ವಿಷಯಗಳು

ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ವಿದೇಶದ ದುಡಿಮೆ ಹೊಸತಲ್ಲ. ಗಲ್ಫ್ ರಾಷ್ಟ್ರಗಳಿಂದ ಬಂದ ಹಣದಿಂದ ಮನೆ ಕಟ್ಟಿದವರೂ ಇದ್ದಾರೆ, ಏಜೆಂಟರನ್ನು ನಂಬಿ ಮನೆ ಕಳೆದುಕೊಂಡವರೂ ಇದ್ದಾರೆ. ಆದರೆ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ ಕೊಳ್ಳೇಗಾಲ, ಹನೂರು, ಯಳಂದೂರು ತಾಲೂಕುಗಳ ಕುಟುಂಬಗಳಿಗೆ ಈ ಅನುಭವ ಕಡಿಮೆ. ಅಲ್ಲಿಯ ಯುವಜನರು ದುಡಿಮೆಗೆಂದು ಹೊರಟರೆ ಬೆಂಗಳೂರು, ಕೊಡಗಿನ ಕಾಫಿ ತೋಟ ಅಥವಾ ತಮಿಳುನಾಡಿನ ತಿರುಪ್ಪೂರು ತಲಪುವುದೇ ಹೆಚ್ಚು. ಈಗ ಪದವಿ ಮುಗಿಸಿದ ಮಕ್ಕಳು ಅದಕ್ಕಿಂತ ದೂರ ನೋಡುತ್ತಿದ್ದಾರೆ.

ಇತ್ತೀಚೆಗೆ ಹನೂರು ಕಡೆಯ ಒಂದು ಧರ್ಮಕೇಂದ್ರದಲ್ಲಿ ಭಾನುವಾರದ ಬಲಿಪೂಜೆಯ ನಂತರ ರೈತರೊಬ್ಬರು ನಮ್ಮ ಬಳಿಗೆ ಬಂದು ಒಂದು ಕರಪತ್ರ ತೋರಿಸಿದರು. ಆಸ್ಟ್ರೇಲಿಯಾದಲ್ಲಿ ಒಂದು ವರ್ಷ ಕೆಲಸ ಮಾಡುವ ವೀಸಾ ‘ಗ್ಯಾರಂಟಿ’ ಎಂದು ಅದರಲ್ಲಿ ಅಚ್ಚಾಗಿತ್ತು. ಅವರ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಏಜೆಂಟ್ ಕೇಳಿದ ಮುಂಗಡ ಎರಡು ಲಕ್ಷ ರೂಪಾಯಿ. ಅದಕ್ಕಾಗಿ ಇದ್ದ ಒಂದು ಎಕರೆ ಜಮೀನನ್ನು ಭೋಗ್ಯಕ್ಕೆ ಹಾಕಲು ಅವರು ಸಿದ್ಧರಾಗಿದ್ದರು. “ಕೊಡ್ಬೋದಾ ಸಾ?” ಎಂಬುದು ಅವರ ಪ್ರಶ್ನೆ. ಇಂಥ ಪ್ರಶ್ನೆ ಬೇರೆ ಧರ್ಮಕೇಂದ್ರಗಳಲ್ಲಿಯೂ ಬರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಈ ವೀಸಾ ಎಂದರೇನು?

ಇಂಗ್ಲಿಷಿನಲ್ಲಿ ಇದನ್ನು ‘ವರ್ಕಿಂಗ್ ಹಾಲಿಡೇ’ ವೀಸಾ ಎನ್ನುತ್ತಾರೆ. ಸಾಮಾನ್ಯ ಉದ್ಯೋಗ ವೀಸಾಕ್ಕೆ ಅಲ್ಲಿಯ ಕಂಪನಿಯೊಂದು ಮೊದಲೇ ಕೆಲಸ ಕೊಟ್ಟಿರಬೇಕು. ಈ ವೀಸಾಕ್ಕೆ ಅದು ಬೇಕಿಲ್ಲ. ಯುವಕ ಯುವತಿಯರು ಒಂದು ದೇಶಕ್ಕೆ ಹೋಗಿ, ಅಲ್ಲಿ ಕೆಲಸ ಹುಡುಕಿಕೊಂಡು, ದುಡಿಯುತ್ತಾ, ಊರು ನೋಡುತ್ತಾ ನಿಗದಿತ ಕಾಲ ಇದ್ದು ಮರಳಿ ಬರಬಹುದು. ಇದು ಅಲ್ಲಿಯೇ ನೆಲೆಸುವ ಪರವಾನಿಗೆಯಲ್ಲ. ಗಂಡ, ಹೆಂಡತಿ, ಮಕ್ಕಳನ್ನು ಇದೇ ವೀಸಾದಲ್ಲಿ ಕರೆದೊಯ್ಯಲು ಬರುವುದಿಲ್ಲ.

ಈ ಬಗೆಯ ಅವಕಾಶ ಎಲ್ಲ ದೇಶಗಳಲ್ಲಿಯೂ ಭಾರತೀಯರಿಗಿಲ್ಲ. ಕೆನಡಾದ ಇಂಥ ಯೋಜನೆಯಲ್ಲಿ ಭಾರತ ಸೇರಿಲ್ಲ. ಹಾಗಾಗಿ ‘ಕೆನಡಾ ವರ್ಕಿಂಗ್ ಹಾಲಿಡೇ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ನಮ್ಮವರು ಅರ್ಜಿ ಹಾಕಬಹುದಾದ ಎರಡು ಮುಖ್ಯ ಯೋಜನೆಗಳು ಆಸ್ಟ್ರೇಲಿಯಾ ಮತ್ತು ಬ್ರಿಟನ್‌ನವು.

ಆಸ್ಟ್ರೇಲಿಯಾ

ಉಭಯ ದೇಶಗಳ ವ್ಯಾಪಾರ ಒಪ್ಪಂದದಂತೆ 2024ರ ಅಕ್ಟೋಬರ್ 1ರಿಂದ ಭಾರತೀಯರಿಗೆ 462 ಸಂಖ್ಯೆಯ ವೀಸಾ ತೆರೆಯಿತು. ವರ್ಷಕ್ಕೆ ಇಡೀ ಭಾರತಕ್ಕೆ 1,000 ಸ್ಥಾನಗಳು. ವಯಸ್ಸು 18ರಿಂದ 30. ವಿಶ್ವವಿದ್ಯಾನಿಲಯ ಮಟ್ಟದಲ್ಲಿ ಕನಿಷ್ಠ 2 ವರ್ಷ ಓದಿರಬೇಕು. ಸಾಧಾರಣ ಮಟ್ಟದ ಇಂಗ್ಲಿಷ್ ಬರುತ್ತದೆಂದು ತೋರಿಸಬೇಕು. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಸರಾಸರಿ 4.5 ಅಂಕ ಇದಕ್ಕೆ ಒಂದು ಪುರಾವೆ.

ಸ್ಥಾನ ಕಡಿಮೆ, ಕೇಳುವವರು ಬಹಳ. ಆದುದರಿಂದ ಮೊದಲು ಚೀಟಿ ಎತ್ತುತ್ತಾರೆ. ಯೋಜನೆ ಆರಂಭವಾದ ಎರಡೇ ವಾರಗಳಲ್ಲಿ ಸುಮಾರು 40,000 ಭಾರತೀಯರು ಹೆಸರು ನೋಂದಾಯಿಸಿದ್ದರು. ನೋಂದಣಿಗೆ ಪಾಸ್‌ಪೋರ್ಟ್ ಮತ್ತು ಪಾನ್ ಕಾರ್ಡ್ ಬೇಕು. ಶುಲ್ಕ 25 ಆಸ್ಟ್ರೇಲಿಯನ್ ಡಾಲರ್, ಅಂದರೆ ಸುಮಾರು ಒಂದೂವರೆ ಸಾವಿರ ರೂಪಾಯಿ. ಕಂಪ್ಯೂಟರ್ ಹೆಸರುಗಳನ್ನು ಆರಿಸುತ್ತದೆ. ಹೆಸರು ಬಂದವರು ಮಾತ್ರ 28 ದಿನಗಳೊಳಗೆ ಪೂರ್ಣ ಅರ್ಜಿ ಸಲ್ಲಿಸಬೇಕು. ಅದರ ಶುಲ್ಕ 2025ರ ಜುಲೈನಿಂದ 670 ಡಾಲರ್. ಮೊದಲ ದಿನಗಳ ಖರ್ಚಿಗೆ ಸುಮಾರು 5,000 ಡಾಲರ್ ಹಾಗೂ ಮರಳುವ ಟಿಕೆಟಿನ ಹಣ ತಮ್ಮ ಬಳಿ ಇದೆಯೆಂದು ತೋರಿಸಬೇಕು.

ವೀಸಾ 12 ತಿಂಗಳದ್ದು. ಸಾಮಾನ್ಯವಾಗಿ ಒಬ್ಬ ಮಾಲೀಕರ ಬಳಿ 6 ತಿಂಗಳಿಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. 4 ತಿಂಗಳವರೆಗೆ ಓದಬಹುದು. ಗ್ರಾಮಾಂತರ ಪ್ರದೇಶಗಳಲ್ಲಿ ಕೃಷಿಯಂಥ ನಿಗದಿತ ಕೆಲಸಗಳನ್ನು 3 ತಿಂಗಳು ಮಾಡಿದವರು ಎರಡನೇ ವರ್ಷದ ವೀಸಾ ಕೇಳಬಹುದು.

ಬ್ರಿಟನ್

ಬ್ರಿಟನ್‌ನ ‘ಇಂಡಿಯಾ ಯಂಗ್ ಪ್ರೊಫೆಷನಲ್ಸ್’ ಯೋಜನೆ 2023ರ ಫೆಬ್ರುವರಿ 28ರಂದು ಆರಂಭವಾಯಿತು. ವರ್ಷಕ್ಕೆ 3,000 ಸ್ಥಾನಗಳು, ಇರುವ ಅವಧಿ 2 ವರ್ಷ. ವಯಸ್ಸು 18ರಿಂದ 30. ಪದವಿ ಪೂರ್ಣಗೊಂಡಿರಬೇಕು. ಇಲ್ಲಿಯೂ ಚೀಟಿಯೇ. ಸಾಮಾನ್ಯವಾಗಿ ಫೆಬ್ರುವರಿ ಮತ್ತು ಜುಲೈಯಲ್ಲಿ ಎರಡು ಮೂರು ದಿನ ಮಾತ್ರ ತೆರೆದಿರುತ್ತದೆ. ಚೀಟಿಗೆ ಹೆಸರು ಕೊಡಲು ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಒಬ್ಬರು ಒಂದು ಬಾರಿಗೆ ಒಂದೇ ಸಲ ಹೆಸರು ಕೊಡಬಹುದು.

ಹೆಸರು ಬಂದರೆ 90 ದಿನಗಳೊಳಗೆ ವೀಸಾ ಅರ್ಜಿ ಹಾಕಬೇಕು. ಖರ್ಚು ಇರುವುದು ಇಲ್ಲಿ. ಅರ್ಜಿ ಶುಲ್ಕ 2025ರ ಏಪ್ರಿಲ್‌ನಿಂದ 319 ಪೌಂಡ್. ಆರೋಗ್ಯ ಶುಲ್ಕ ವರ್ಷಕ್ಕೆ 776ರಂತೆ ಎರಡು ವರ್ಷಕ್ಕೆ 1,552 ಪೌಂಡ್. ಇದಲ್ಲದೆ 2,530 ಪೌಂಡ್ ಉಳಿತಾಯದ ಹಣ 28 ದಿನ ನಿರಂತರವಾಗಿ ಖಾತೆಯಲ್ಲಿರಬೇಕು. ಎಲ್ಲ ಸೇರಿ 4,401 ಪೌಂಡ್, ಅಂದರೆ ಸುಮಾರು ಐದು ಲಕ್ಷ ರೂಪಾಯಿ. ವಿಮಾನದ ಟಿಕೆಟ್ ಬೇರೆ. ಕ್ಷಯರೋಗ ಇಲ್ಲವೆಂಬ ಪರೀಕ್ಷೆಯ ಪ್ರಮಾಣಪತ್ರವನ್ನು ಬ್ರಿಟನ್ ಸರಕಾರ ಒಪ್ಪಿದ ಕ್ಲಿನಿಕ್‌ನಿಂದಲೇ ಪಡೆಯಬೇಕು.

ಕಾಗದ ಪತ್ರಗಳಲ್ಲಿ ಹೆಸರಿನ ತೊಡಕು

ನಮ್ಮ ಯುವಜನರು ಹೆಚ್ಚಾಗಿ ಎಡವುವುದು ಇಲ್ಲಿ. ಜ್ಞಾನಸ್ನಾನದ ಹೆಸರು ಒಂದು, ಶಾಲೆಯಲ್ಲಿ ಬರೆಸಿದ ಹೆಸರು ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಹನೂರು ತಾಲೂಕಿನ ಮಾರ್ಟಳ್ಳಿ ಕಡೆಯ ತಮಿಳು ಮಾತನಾಡುವ ಕುಟುಂಬಗಳಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರವೇ ಇನಿಷಿಯಲ್, ಮನೆತನದ ಹೆಸರು ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲನ್ನು ಬಿಡಿಸಿ ಪೂರ್ಣ ಹೆಸರು ಬರೆಯಬೇಕಾಗುತ್ತದೆ. ಆಗ ಅಂಕಪಟ್ಟಿಗೂ ಪಾನ್ ಕಾರ್ಡಿಗೂ ತಾಳೆಯಾಗುವುದಿಲ್ಲ. 28 ದಿನಗಳ ಗಡುವಿನಲ್ಲಿ ಇದನ್ನು ಸರಿಪಡಿಸಲಾಗದು. ಆದುದರಿಂದ ಪದವಿಯ ಕೊನೆಯ ವರ್ಷದಲ್ಲಿಯೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟು ಉಳಿದವುಗಳನ್ನು ಸರಿಹೊಂದಿಸಿಕೊಳ್ಳುವುದು ಒಳ್ಳೆಯದು.

ಪಾಸ್‌ಪೋರ್ಟಿಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲ ಈಗಿಲ್ಲ. ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ದೇಶದಲ್ಲಿ ಮೊದಲು ಆರಂಭವಾದ ಊರುಗಳಲ್ಲಿ ಮೈಸೂರೂ ಒಂದು. 2017ರ ಜನವರಿಯಿಂದ ಅದು ಕೆಲಸ ಮಾಡುತ್ತಿದೆ. ವಯಸ್ಕರ 36 ಪುಟಗಳ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಹತ್ತನೇ ತರಗತಿಯ ಅಂಕಪಟ್ಟಿಯನ್ನು ಮರೆಯದೆ ಕೊಡಿ. ಅದಿಲ್ಲದಿದ್ದರೆ ವಲಸೆ ತಪಾಸಣೆ ಅಗತ್ಯವೆಂಬ ಮುದ್ರೆ ಪಾಸ್‌ಪೋರ್ಟಿನಲ್ಲಿ ಬರುತ್ತದೆ.

ಏಜೆಂಟರ ವಿಷಯ

ಅರ್ಜಿ ತುಂಬಲು ಸಹಾಯ ಪಡೆಯುವುದು ತಪ್ಪಲ್ಲ. ಆದರೆ ಚೀಟಿಯಲ್ಲಿ ಹೆಸರು ಬರುವಂತೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಆದುದರಿಂದ ‘ಗ್ಯಾರಂಟಿ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ ಎಂದೇ ತಿಳಿಯಬೇಕು. ವಿದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಅಂಥವರು ಒಬ್ಬರಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಅವರು ನೋಂದಾಯಿತರೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು.

ಇನ್ನೊಂದು ಅಪಾಯ ಸುಳ್ಳು ದಾಖಲೆ. ಸಾಲದ ಹಣವನ್ನು ಒಂದು ತಿಂಗಳು ಖಾತೆಯಲ್ಲಿಟ್ಟು ಉಳಿತಾಯವೆಂದು ತೋರಿಸುವುದು, ನಕಲಿ ಅಂಕಪಟ್ಟಿ ಜೋಡಿಸುವುದು, ಇವಕ್ಕೆ ಏಜೆಂಟ್ ಒತ್ತಾಯಿಸಿದರೂ ಸಹಿ ಹಾಕಿದವರೇ ಹೊಣೆ. ಸಿಕ್ಕಿಬಿದ್ದರೆ ಆಸ್ಟ್ರೇಲಿಯಾ 3 ವರ್ಷ, ಬ್ರಿಟನ್ 10 ವರ್ಷ ವೀಸಾ ನಿರಾಕರಿಸಬಹುದು.

ಅಲ್ಲಿ ಹೋದ ಮೇಲೆ

ಆಸ್ಟ್ರೇಲಿಯಾದಲ್ಲಿ ಕನಿಷ್ಠ ಕೂಲಿ 2025ರ ಜುಲೈ 1ರಿಂದ ಗಂಟೆಗೆ 24.95 ಡಾಲರ್. ಈ ವೀಸಾದವರಿಗೂ ಅದು ಅನ್ವಯಿಸುತ್ತದೆ. ಕಡಿಮೆ ಕೊಟ್ಟರೆ ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಮೊದಲ 45,000 ಡಾಲರ್ ಆದಾಯದ ಮೇಲೆ ಶೇಕಡಾ 15 ತೆರಿಗೆ ಹಿಡಿಯುತ್ತಾರೆ. ಸರಕಾರಿ ಆರೋಗ್ಯ ಸೌಲಭ್ಯ ನಮ್ಮವರಿಗೆ ಸಿಗದು, ಆದುದರಿಂದ ವಿಮೆ ಮಾಡಿಸಿಯೇ ಹೊರಡಬೇಕು. ಕೂಲಿಯ ಮೊತ್ತವನ್ನು ರೂಪಾಯಿಗೆ ಗುಣಿಸಿ ಸಂತೋಷಪಡುವ ಮೊದಲು ಅಲ್ಲಿಯ ಮನೆ ಬಾಡಿಗೆಯನ್ನೂ ಗುಣಿಸಿ ನೋಡಬೇಕು. ಮಾಲೀಕರು ಸೇರಿದಂತೆ ಯಾರ ಕೈಗೂ ಪಾಸ್‌ಪೋರ್ಟ್ ಒಪ್ಪಿಸಬಾರದು.

ಧರ್ಮಕೇಂದ್ರಗಳು ಏನು ಮಾಡಬಹುದು?

ಎರಡೂ ದೇಶಗಳ ಸರಕಾರಿ ಜಾಲತಾಣಗಳಲ್ಲಿ ನೋಂದಣಿಯ ದಿನಾಂಕ ಮತ್ತು ಶುಲ್ಕ ಪ್ರಕಟವಾಗುತ್ತವೆ, ಆಗಾಗ ಬದಲಾಗುತ್ತವೆ. ಅವುಗಳನ್ನು ನೋಡಿ ಪೂಜೆಯ ನಂತರದ ಪ್ರಕಟಣೆಯಲ್ಲಿ ಹೇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ. ಯುವ ಸಂಘಟನೆಯವರು ಧರ್ಮಕೇಂದ್ರದ ಕಂಪ್ಯೂಟರಿನಲ್ಲಿ ಒಂದು ಸಂಜೆ ಕುಳಿತು ನೋಂದಣಿ ಮಾಡಿಸಿಕೊಡಬಹುದು. ಹಣ ಕೊಡುವ ಮೊದಲು ಕಾಗದವನ್ನು ಫಾದರ್‌ಗೋ ಸಿಸ್ಟರ್‌ಗೋ ತೋರಿಸುವ ಅಭ್ಯಾಸವನ್ನು ಮನೆಯವರಲ್ಲಿ ಬೆಳೆಸಬಹುದು.

ಹನೂರಿನ ಆ ರೈತರು ಜಮೀನನ್ನು ಭೋಗ್ಯಕ್ಕೆ ಹಾಕಲಿಲ್ಲ. ಮಗಳು ತಾನೇ ನೋಂದಾಯಿಸಿದಳು. ಆ ಬಾರಿ ಅವಳ ಹೆಸರು ಬರಲಿಲ್ಲ. ಹೋದದ್ದು ಒಂದೂವರೆ ಸಾವಿರ ರೂಪಾಯಿ, ಉಳಿದದ್ದು ಒಂದು ಎಕರೆ ಹೊಲ. ಅವಳಿಗೆ ಇನ್ನೂ ಏಳು ವರ್ಷ ಅವಕಾಶವಿದೆ. ಮುಂದಿನ ಬಾರಿಯೂ ಹೆಸರು ಕೊಡುತ್ತೇನೆ ಎಂದಿದ್ದಾಳೆ. ಅವಳಿಗೂ ಅವಳಂತೆ ಪ್ರಯತ್ನಿಸುವ ಎಲ್ಲ ಯುವಜನರಿಗೂ ನಾವು ಶುಭ ಹಾರೈಸುತ್ತೇವೆ.