ಉತ್ಪಾದನೆ ಎಂದರೇನು? ಒಣದ್ರಾಕ್ಷಿಯ ಲೆಕ್ಕದಲ್ಲಿ ನೋಡೋಣ

"ವ್ಯಾಪಾರಿ ಏನು ಉತ್ಪಾದನೆ ಮಾಡ್ತಾನೆ? ಅಲ್ಲಿಂದ ತಂದು ಇಲ್ಲಿ ಮಾರ್ತಾನೆ, ಅಷ್ಟೇ." ನಮ್ಮಂಥ ಸಣ್ಣ ವ್ಯಾಪಾರಿಗಳು ಈ ಮಾತನ್ನು ಆಗಾಗ ಕೇಳುತ್ತೇವೆ. ಬಿ.ಕಾಂ. ಓದುವ ಹುಡುಗರೂ ಉತ್ಪಾದನೆ ಎಂದ ಕೂಡಲೇ ಫ್ಯಾಕ್ಟರಿ, ಮೆಷಿನ್ ಎನ್ನುತ್ತಾರೆ.

ಅರ್ಥಶಾಸ್ತ್ರ ಹೇಳುವುದು ಬೇರೆ. ಮನುಷ್ಯ ಏನೂ ಇಲ್ಲದಲ್ಲಿಂದ ವಸ್ತುವನ್ನು ಸೃಷ್ಟಿಸಲಾರ. ಇರುವುದಕ್ಕೆ ಉಪಯೋಗ ಸೇರಿಸಬಲ್ಲ. ಪಠ್ಯಪುಸ್ತಕದಲ್ಲಿ ಇದನ್ನು ತುಷ್ಟಿಗುಣ ಎನ್ನುತ್ತಾರೆ. ಜನ ದುಡ್ಡು ಕೊಟ್ಟು ಕೊಳ್ಳುವಂಥ ತುಷ್ಟಿಗುಣ ಸೇರಿಸುವುದೇ ಉತ್ಪಾದನೆ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಮಿರಜ್ ತಾಲೂಕಿನ ಸಲಗರೆ ಕಡೆಯನ್ನೇ ನೋಡಿ. ಕರ್ನಾಟಕದ ಗಡಿಗೆ ಹತ್ತಿರದ ಈ ಭಾಗ ದ್ರಾಕ್ಷಿಯ ನಾಡು. ಹಸಿ ದ್ರಾಕ್ಷಿ ಹೆಚ್ಚು ದಿನ ಇರುವುದಿಲ್ಲ. ಅದನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಶಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಸುಮಾರು ಎರಡು ವಾರ ಒಣಗಿಸುತ್ತಾರೆ. ಅಂದಾಜು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಇದು ರೂಪದ ತುಷ್ಟಿಗುಣ.

ಅದು ಮಂಗಳೂರಿನ ಅಂಗಡಿಗೆ ಬಂದರೆ ಸ್ಥಳದ ತುಷ್ಟಿಗುಣ. ಇನ್ನು ಕಾಲ. ದ್ರಾಕ್ಷಿ ಸೀಸನ್ ಬೇಸಿಗೆಯ ಆಸುಪಾಸಿನಲ್ಲೇ. ರಮಝಾನ್ ಮಾತ್ರ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಎರಡನ್ನೂ ಜೋಡಿಸುವುದು ಕೋಲ್ಡ್ ಸ್ಟೋರೇಜ್. ಸಾಂಗ್ಲಿ ಪಕ್ಕದ ಹರಿಪುರದಲ್ಲಿ ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ಇಡುತ್ತಿದ್ದುದೂ ಇದಕ್ಕಾಗಿಯೇ. 2005ರ ನೆರೆಯಲ್ಲಿ ಆ ಹಗೇವುಗಳಿಗೆ ದೊಡ್ಡ ಹಾನಿಯಾಯಿತು.

ಈಗ ಲೆಕ್ಕ. ದರ ಉದಾಹರಣೆಗೆ ಮಾತ್ರ. ನಾಲ್ಕು ಕಿಲೋ ಹಣ್ಣಿಗೆ ರೈತನಿಗೆ 120 ರೂ. ಒಣಗಿಸಿದವರು ಮಾರಿದ್ದು 200ಕ್ಕೆ. ಅಂಗಡಿಯಲ್ಲಿ ಗಿರಾಕಿಗೆ 260. ಮೂರನ್ನೂ ಕೂಡಿಸಿ 580 ರೂ. ಉತ್ಪಾದನೆ ಎಂದರೆ ತಪ್ಪು, ಒಂದೇ ಹಣ್ಣನ್ನು ಮೂರು ಸಲ ಎಣಿಸಿದಂತಾಯಿತು. ಪ್ರತಿ ಹಂತದಲ್ಲಿ ಸೇರಿದ್ದನ್ನು ಮಾತ್ರ ತೆಗೆದುಕೊಳ್ಳಬೇಕು: 120, 80, 60. ಒಟ್ಟು 260. ದೇಶದ ಜಿಡಿಪಿ ಲೆಕ್ಕವೂ ಇದೇ ತತ್ವದ್ದು. ಲಾರಿ, ಕೋಲ್ಡ್ ಸ್ಟೋರೇಜ್, ಅಂಗಡಿಯವರ ಪಾಲು ಕೊನೆಯ 60ರಲ್ಲಿದೆ.

ಹಾಗಾದರೆ ವ್ಯಾಪಾರಿ ಮಾಡಿದ್ದೆಲ್ಲ ಉತ್ಪಾದನೆಯಾ? ಇಲ್ಲ. ಸೀಸನ್‌ನಲ್ಲಿ ಕೊಂಡು ಜನರಿಗೆ ಬೇಕಾದಾಗ ಕೊಡುವುದು ಉತ್ಪಾದನೆ. ಜನರಿಗೆ ಬೇಕಾದಾಗಲೇ ಗೋಡೌನ್‌ಗೆ ಬೀಗ ಹಾಕಿ ದರ ಏರಿಸಿದರೆ, ಹಣ ಬರಬಹುದು, ಆದರೆ ಅಲ್ಲಿ ಉಪಯೋಗ ಏನೂ ಸೇರಲಿಲ್ಲ. ಕಲಬೆರಕೆಯಂತೂ ಇದ್ದ ಉಪಯೋಗವನ್ನೂ ಕಳೆಯುತ್ತದೆ.

ಹೊಸದಾಗಿ ಅಂಗಡಿ ಇಡುವವರು ಲಾಭದ ಲೆಕ್ಕಕ್ಕೆ ಮೊದಲು ಇದನ್ನು ಕೇಳಿಕೊಳ್ಳಲಿ: ನನ್ನ ಕೈ ದಾಟಿದ ಮೇಲೆ ಈ ಮಾಲು ಗಿರಾಕಿಗೆ ಮೊದಲಿಗಿಂತ ಎಷ್ಟು ಹೆಚ್ಚು ಉಪಯೋಗ ಆಯಿತು? ಆ ಉತ್ತರ ಇದ್ದವನು ಧೈರ್ಯವಾಗಿ ಹೇಳಬಹುದು, ನಾನೂ ಉತ್ಪಾದಕ ಎಂದು.