ಗಡಿಯ ಆಚೆ ನಾಲ್ಕು ವರ್ಷ, ಈಚೆ ಮೂರು

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಪದವಿ ಕಾಲೇಜುಗಳಿಗೆ 2021-22ರಿಂದ 2023-24ರವರೆಗೆ ಸೇರಿದ ಮೂರು ಬ್ಯಾಚಿನ ವಿದ್ಯಾರ್ಥಿಗಳಿಗೆ, ಬೇಕೆಂದವರು ನಾಲ್ಕನೆಯ ವರ್ಷವನ್ನೂ ಓದಿ ‘ಆನರ್ಸ್’ ಪದವಿ ಪಡೆಯಬಹುದೆಂಬ ಭರವಸೆಯನ್ನು ಪ್ರವೇಶದ ಹೊತ್ತಿನಲ್ಲೇ ನೀಡಲಾಗಿತ್ತು. ಆನರ್ಸ್ ಎಂದರೆ ಒಂದು ವಿಷಯವನ್ನು ಸಾಮಾನ್ಯ ಪದವಿಗಿಂತ ಆಳವಾಗಿ ಅಭ್ಯಸಿಸಿ, ಕೊನೆಯಲ್ಲಿ ಸ್ವತಂತ್ರವಾದ ಸಣ್ಣ ಸಂಶೋಧನೆಯನ್ನೋ ಮೇಲುಮಟ್ಟದ ಕೆಲವು ಪತ್ರಿಕೆಗಳನ್ನೋ ಪೂರೈಸಿ ಗಳಿಸುವ ಪದವಿ. ಕರ್ನಾಟಕಕ್ಕೆ ಇದು ಹೊಸತಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಆನರ್ಸ್ ತರಗತಿಗಳಿದ್ದವು, ಎ.ಕೆ. ರಾಮಾನುಜನ್ 1949ರಲ್ಲಿ ಇಂಗ್ಲಿಷ್ ಆನರ್ಸ್ ಪದವಿ ಪಡೆದದ್ದು ಅಲ್ಲಿಯೇ. ಆದರೆ ಆ ಆನರ್ಸ್ ಮೈಸೂರಿನಂಥ ನಗರದ ಕಾಲೇಜಿಗೆ ಹೋಗಿ ಇರಬಲ್ಲವರಿಗೆ ದಕ್ಕುತ್ತಿದ್ದ ಓದಾಗಿತ್ತು. ಮನೆಯಿಂದ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಬರುವ ವಿದ್ಯಾರ್ಥಿಗೂ ಅದು ಸಿಗಬೇಕೆಂಬುದು ಇಲ್ಲಿ ತೀರ ಈಚಿನ ಆಲೋಚನೆ.

ಈ ಆಲೋಚನೆ ಬಹುಕಾಲ ಬಾಳಿದ್ದು ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬಲ್ಲಿ ಆರಂಭವಾದ ಕಾಲೇಜಿನಿಂದ ಮೊದಲ್ಗೊಂಡು ಬೆಳೆದ ಈ ಎರಡು ವರ್ಷಗಳ ಸಾರ್ವಜನಿಕ ಸಂಸ್ಥೆಗಳು, ಕಡಿಮೆ ಶುಲ್ಕ ಪಡೆದು ಸ್ಥಳೀಯರಿಗೆ ಪಾಠ ಹೇಳಿ, ಮುಂದೆ ಅವರನ್ನು ವಿಶ್ವವಿದ್ಯಾಲಯಗಳಿಗೆ ಕಳುಹಿಸುವ ಕೆಲಸ ಮಾಡುತ್ತವೆ. ಅವುಗಳಲ್ಲಿ ಅನೇಕವು ಸಣ್ಣ ತರಗತಿ, ಚರ್ಚೆ, ದೀರ್ಘ ಪ್ರಬಂಧ ಇವುಗಳನ್ನೊಳಗೊಂಡ ಆನರ್ಸ್ ವಿಭಾಗವನ್ನು ಪ್ರತ್ಯೇಕವಾಗಿ ನಡೆಸುತ್ತವೆ. ಅದನ್ನು ಪೂರೈಸಿದವರ ಅರ್ಜಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಆದ್ಯತೆ ಕೊಡುವ ಏರ್ಪಾಡೂ ಇದೆ. ಭಾರತದಲ್ಲಿ ಕಮ್ಯುನಿಟಿ ಕಾಲೇಜು ಎಂಬ ಹೆಸರು ಕೌಶಲ ತರಬೇತಿಯ ಅಲ್ಪಾವಧಿ ಕೋರ್ಸುಗಳಿಗೆ ಅಂಟಿಕೊಂಡಿರುವುದರಿಂದ, ಅಮೆರಿಕದ ಆ ಸಂಸ್ಥೆಗಳಿಗೆ ಸಾಮಾಜಿಕವಾಗಿ ಸಮೀಪವಾದವು ಇಲ್ಲಿನ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳೇ.

ಅಂಥ ಕಾಲೇಜುಗಳ ವಿಷಯದಲ್ಲಿ ಈ ಸೀಮೆ ಬಡವಾಗಿಲ್ಲ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜೂ 1965ರಲ್ಲಿ ವಿವೇಕಾನಂದ ಕಾಲೇಜೂ ಸ್ಥಾಪನೆಯಾದವು. ಇಂದು ಎರಡೂ ಸ್ವಾಯತ್ತ ಕಾಲೇಜುಗಳು, ಅಂದರೆ ಮಂಗಳೂರು ವಿಶ್ವವಿದ್ಯಾಲಯದ ಪದವಿಯನ್ನೇ ಕೊಡುತ್ತಿದ್ದರೂ ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ತಾವೇ ರೂಪಿಸಿಕೊಳ್ಳುವ ಅಧಿಕಾರವುಳ್ಳವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜನ್ನು ಕಟ್ಟಿದರು. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಕೂಡಿಸಿ ರಚಿಸಿದ ಕಡಬ ತಾಲ್ಲೂಕಿಗೆ ಸುಬ್ರಹ್ಮಣ್ಯ ಮತ್ತು ರಾಮಕುಂಜದ ಕಾಲೇಜುಗಳು ಸೇರಿಕೊಂಡವು. ಇವುಗಳ ಜೊತೆಗೆ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಇವೆ. ಬೆಳ್ಳಾರೆಯ ಕಾಲೇಜಿಗೆ ಶಿವರಾಮ ಕಾರಂತರ ಹೆಸರಿಟ್ಟಿದ್ದಾರೆ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನೇ ತೊರೆದು, ಬಳಿಕ ಪುತ್ತೂರಿನ ಬಾಲವನದಲ್ಲಿ ಶಿಕ್ಷಣದ ಪ್ರಯೋಗಕ್ಕೆ ಇಳಿದವರ ಹೆಸರು ಪದವಿ ಕಾಲೇಜೊಂದರ ಫಲಕದ ಮೇಲಿರುವುದನ್ನು ಸ್ವತಃ ಕಾರಂತರು ಏನೆನ್ನುತ್ತಿದ್ದರೋ ಊಹಿಸುವುದು ಕಷ್ಟವಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಮಟ್ಟದಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. 2021ರ ಆಗಸ್ಟ್‌ನಲ್ಲಿ ಹೊರಟ ಆದೇಶದಂತೆ, ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ಏಣಿ ಸಿದ್ಧವಾಯಿತು. ಮಳೆಗಾಲದಲ್ಲಿ ಕರೆಂಟಿನ ಜೊತೆಗೆ ಮೊಬೈಲ್ ಸಿಗ್ನಲ್ಲೂ ಹೋಗುವ ಊರುಗಳ ಮಕ್ಕಳು ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆಯನ್ನು ಕಡ್ಡಾಯವಾಗಿ ಓದಿದ್ದೂ ಆಗಲೇ. ಸರಕಾರ ಬದಲಾದ ಮೇಲೆ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಗಿ, ಅದರ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿಯನ್ನೇ ಮರಳಿ ತರಲಾಯಿತು. ಅದಾಗಲೇ ಸೇರಿದ್ದವರಿಗೆ ನಾಲ್ಕನೆಯ ವರ್ಷದ ಆಯ್ಕೆ ಉಳಿಯಿತು. ಅದೇ ವರ್ಷದ ಜುಲೈ 1ರಂದು ಕೇರಳವು ತನ್ನ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಗೆ ಚಾಲನೆ ಕೊಟ್ಟಿತು. ಹೀಗಾಗಿ ಜಾಲ್ಸೂರಿನಿಂದ ಗಡಿ ದಾಟಿದರೆ ಸಿಗುವ ಅಡೂರು, ದೇಲಂಪಾಡಿಗಳ ಕನ್ನಡ ವಿದ್ಯಾರ್ಥಿಯು ಕಾಸರಗೋಡಿನ ಸರಕಾರಿ ಕಾಲೇಜಿಗೆ ಹೋದರೆ ನಾಲ್ಕು ವರ್ಷದ ಓದಿನ ವ್ಯವಸ್ಥೆಯೊಳಗೂ, ಸುಳ್ಯಕ್ಕೆ ಬಂದರೆ ಮೂರು ವರ್ಷದ ವ್ಯವಸ್ಥೆಯೊಳಗೂ ಸೇರುತ್ತಾನೆ.

ನಾಲ್ಕನೆಯ ವರ್ಷ ಕೈಬಿಟ್ಟದ್ದಕ್ಕೆ ಇಲ್ಲಿ ದೊಡ್ಡ ಕೂಗೇನೂ ಏಳಲಿಲ್ಲ, ಅದಕ್ಕೆ ಕಾರಣಗಳೂ ಇದ್ದವು. ಬಿ.ಎ. ಮುಗಿಸಿ ಎರಡು ವರ್ಷದ ಬಿ.ಇಡಿ. ಮಾಡಿ ಶಿಕ್ಷಕಿಯಾಗಬೇಕೆಂದಿರುವ ಹುಡುಗಿಗೆ, ಅಥವಾ ಬಿ.ಕಾಂ. ಆದೊಡನೆ ಬ್ಯಾಂಕ್ ಪರೀಕ್ಷೆಗೆ ಕೂರುವ ಹುಡುಗನಿಗೆ, ಆನರ್ಸ್ ಎಂಬುದು ಶುಲ್ಕ ಮತ್ತು ಬಸ್ ಪಾಸಿನ ಇನ್ನೊಂದು ವರ್ಷ ಮಾತ್ರವಾಗಿತ್ತು. ಸ್ನಾತಕೋತ್ತರ ಪದವಿ ಎರಡರ ಬದಲು ಒಂದೇ ವರ್ಷಕ್ಕೆ ಮುಗಿಯುವ ಕಡೆ ಪ್ರವೇಶ ಸಿಕ್ಕಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದಂತೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಪಡೆದವರು ‘ಸಂಶೋಧನೆಯೊಂದಿಗೆ ಆನರ್ಸ್’ ಆರಿಸಿಕೊಳ್ಳಬಹುದು, ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಗಳಿಸಿದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಆದರೆ ಆ ಸಂಶೋಧನೆಗೆ ಮಾರ್ಗದರ್ಶನ ಮಾಡಲು ಪಿಎಚ್.ಡಿ. ಪಡೆದ ಕಾಯಂ ಅಧ್ಯಾಪಕರು ವಿಭಾಗದಲ್ಲಿರಬೇಕು. ವರ್ಷ ವರ್ಷ ಹೊಸದಾಗಿ ನೇಮಕವಾಗುವ ಅತಿಥಿ ಉಪನ್ಯಾಸಕರ ಬಲದಿಂದ ನಡೆಯುವ ಸರಕಾರಿ ಕಾಲೇಜುಗಳಲ್ಲಿ, ಮುಂದಿನ ಜೂನ್‌ನಲ್ಲಿ ತಾವೇ ಇರುತ್ತೇವೆಯೋ ಇಲ್ಲವೋ ತಿಳಿಯದವರು ವಿದ್ಯಾರ್ಥಿಯ ವರ್ಷವಿಡೀ ಸಾಗುವ ಪ್ರಬಂಧದ ಹೊಣೆ ಹೊರುವುದಾದರೂ ಹೇಗೆ?

ಹಾಗಿದ್ದರೂ ಆನರ್ಸಿನ ತಿರುಳಾದ ಅನ್ವೇಷಣೆಯ ಅಭ್ಯಾಸವನ್ನು ನಾಲ್ಕನೆಯ ವರ್ಷದ ಜೊತೆಗೇ ಬಿಟ್ಟುಕೊಡಬೇಕಾದ ಅಗತ್ಯವಿರಲಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಸಾಮಗ್ರಿ ಈ ಮೂರು ತಾಲ್ಲೂಕುಗಳಲ್ಲಿ ಹೇರಳವಾಗಿದೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಿಂದ ಗೇರು ಸಂಶೋಧನೆ ನಡೆಸುತ್ತಿರುವ ರಾಷ್ಟ್ರಮಟ್ಟದ ಕೇಂದ್ರವಿದೆ. ಕಡಬ ತಾಲ್ಲೂಕಿನ ಕಿದುವಿನಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ದಕ್ಷಿಣ ಏಷ್ಯಾದ ತೆಂಗಿನ ತಳಿಗಳನ್ನು ಕಾಪಿಡುವ ಅಂತರರಾಷ್ಟ್ರೀಯ ಸಂಗ್ರಹವನ್ನು ನಡೆಸುತ್ತಾರೆ. ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಚಾಕಲೇಟ್ ಕಾರ್ಖಾನೆಯಿದೆ. ಸ್ವಂತ ಅಕಾಡೆಮಿಯೇ ಇರುವ ಅರೆಭಾಷೆಯು ಸುಳ್ಯದ ಮನೆಮಾತುಗಳಲ್ಲೊಂದಾಗಿರುವುದರಿಂದ, ಭಾಷಾ ವಿದ್ಯಾರ್ಥಿಗೂ ಹೊರಗೆ ಹೋಗಬೇಕಾದ ಕಾರಣವಿಲ್ಲ.

ಅಡಿಕೆಯ ಹಳದಿ ಎಲೆ ರೋಗವೊಂದನ್ನೇ ನೋಡಬಹುದು. ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯಿಂದ ಬರುವ, ಖಚಿತ ಮದ್ದಿಲ್ಲದ ಈ ರೋಗ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ದಶಕಗಳಿಂದ ಹಿಂಡಿದೆ: ಎಲೆಗಳು ತುದಿಯಿಂದ ಹಳದಿಗೆ ತಿರುಗುತ್ತವೆ, ಒಳಗಿನ ಅಡಿಕೆ ಕಪ್ಪಾಗಿ ಮಾರುಕಟ್ಟೆಗೆ ಬಾರದಂತಾಗುತ್ತದೆ, ಮರವು ಒಮ್ಮೆಲೇ ಸಾಯದೆ ಇಳುವರಿಯನ್ನು ವರ್ಷದಿಂದ ವರ್ಷಕ್ಕೆ ಕಳೆದುಕೊಳ್ಳುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬನು ತನ್ನ ಗ್ರಾಮದ ಒಂದು ವಾರ್ಡಿನ ತೋಟಗಳನ್ನು ಸುತ್ತಿ, ಮೊದಲ ಹಳದಿ ಎಲೆ ಕಂಡ ವರ್ಷ, ಬದಲಿಗೆ ಹಾಕಿದ್ದು ರಬ್ಬರೋ ಕಾಫಿಯೋ, ಸೊಸೈಟಿಯಲ್ಲಿ ಉಳಿದಿರುವ ಸಾಲ, ಊರು ಬಿಟ್ಟ ಮಕ್ಕಳ ಸಂಖ್ಯೆ ಇವನ್ನು ದಾಖಲಿಸಿಕೊಂಡನೆಂದರೆ ಅವನ ಪ್ರಬಂಧಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಸಿದ್ಧ. ಸಸ್ಯಶಾಸ್ತ್ರದವಳಿಗೆ ಅದೇ ತೋಟಗಳಲ್ಲಿ ಬೇರೆಯೇ ಪ್ರಶ್ನೆಗಳಿವೆ. ಇಲ್ಲಿ ವಿದ್ಯಾರ್ಥಿಗೆ ಇರುವ ಅನುಕೂಲ ಮಹಾನಗರದ ಸಂಶೋಧಕನಿಗಿಲ್ಲ, ಏಕೆಂದರೆ ತೋಟದ ಯಜಮಾನನು ಸಾಲದ ನಿಜವಾದ ಮೊತ್ತವನ್ನು ಅಪರಿಚಿತ ಸಮೀಕ್ಷಕನಿಗಿಂತ ನೆರೆಮನೆಯವರ ಮಗನಿಗೆ ಹೇಳುವ ಸಂಭವ ಹೆಚ್ಚು, ಹೇಳದಿದ್ದರೂ ಮುಚ್ಚಿಟ್ಟದ್ದೇನೆಂಬುದು ಆ ಹುಡುಗನಿಗೆ ತಿಳಿಯುತ್ತದೆ.

ಇಂಥ ಕೆಲಸಕ್ಕೆ ಪೂರ್ತಿ ವರ್ಷವೇ ಬೇಕೆಂದಿಲ್ಲ. ಐದು ಮತ್ತು ಆರನೆಯ ಸೆಮಿಸ್ಟರುಗಳಲ್ಲಿ ಒಂದೊಂದು ಪತ್ರಿಕೆಯ ಜಾಗ ಸಾಕು. ಪದವಿಯಲ್ಲಿ ಪ್ರಾಜೆಕ್ಟ್ ಎಂಬ ಹೆಸರಿನ ಕೆಲಸ ಈಗಲೂ ಇದೆಯಲ್ಲ ಎಂದು ಯಾರಾದರೂ ಹೇಳಬಹುದು, ಆದರೆ ಅದು ಹಿಂದಿನ ವರ್ಷದ ವರದಿಯ ಹಾಳೆಗಳಿಗೆ ಹೊಸ ರಟ್ಟು ಹಾಕಿಸುವ ಕಸರತ್ತಾಗುವುದು ಕಾಲೇಜು ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಸ್ವಾಯತ್ತ ಕಾಲೇಜುಗಳಿಗೆ ಇದನ್ನು ಬದಲಿಸುವ ದಾರಿ ನಿಯಮದಲ್ಲೇ ಇದೆ. ಪ್ರತಿ ವಿಷಯದ ಪಠ್ಯಕ್ರಮವನ್ನು ನಿರ್ಧರಿಸುವ ಅಧ್ಯಯನ ಮಂಡಳಿಯಲ್ಲಿ ಅಧ್ಯಾಪಕರು, ವಿಶ್ವವಿದ್ಯಾಲಯದ ಪ್ರತಿನಿಧಿ ಮತ್ತು ಹೊರಗಿನ ತಜ್ಞರ ಜೊತೆಗೆ ಉದ್ಯಮ ಕ್ಷೇತ್ರದವರಿಗೂ ಹಳೆ ವಿದ್ಯಾರ್ಥಿಗೂ ಒಂದೊಂದು ಸ್ಥಾನವಿರುತ್ತದೆ. ಆ ಸ್ಥಾನಗಳಿಗೆ ಮಂಗಳೂರಿನಿಂದ ಗಣ್ಯರನ್ನು ಕರೆಸುವ ಬದಲು ಮೊಟ್ಟೆತ್ತಡ್ಕದ ವಿಜ್ಞಾನಿಯೊಬ್ಬರನ್ನೋ ಕೃಷಿ ಪತ್ತಿನ ಸೊಸೈಟಿ ನಡೆಸಿ ಅನುಭವವಿರುವವರನ್ನೋ ಕೂರಿಸಿ, ಪ್ರಬಂಧದ ಮೌಖಿಕ ಪರೀಕ್ಷೆಯನ್ನೂ ಅವರ ಎದುರಿಗೇ ನಡೆಸುವುದಾದರೆ ಅದಕ್ಕೆ ಬೆಂಗಳೂರಿನಿಂದ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ.