ಅಪ್ಪನಿಗೆ ಪೂರ್ತಿ, ಮಗನಿಗೆ ಅರ್ಧ: ಕುಮಾರ ಪಾರ್ಕಿನಿಂದ ಮೈಸೂರಿಗೆ ಹಗುರ ಪ್ರವಾಸ

ಶಾಲೆಗೆ ರಜೆ ಬಿತ್ತು ಅಂದರೆ ಕುಮಾರ ಪಾರ್ಕ್, ಶೇಷಾದ್ರಿಪುರ, ಮಲ್ಲೇಶ್ವರದ ಮನೆಮನೆಯಲ್ಲೂ ಒಂದೇ ತಕರಾರು. "ಈ ಸಲ ಎಲ್ಲಿಗೆ?" ಅಂತ ಮಕ್ಕಳು ಕೇಳುತ್ತವೆ. ಅಮ್ಮ ಅಪ್ಪನ ಮುಖ ನೋಡುತ್ತಾರೆ. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಕಾರಣ ಇಲ್ಲದೇ ಇಲ್ಲ. ಎರಡು ದಿನ ಅಂಗಡಿ ಬಾಗಿಲು ಹಾಕಿದರೆ ವ್ಯಾಪಾರ ಹೋಯಿತು. ಟ್ಯಾಕ್ಸಿ ಮಾಡಿದರೆ ಕೈಲಿದ್ದ ಕಾಸು ಹೋಯಿತು. ದಾರಿಯಲ್ಲಿ ಮಗು ವಾಂತಿ ಮಾಡಿಕೊಂಡರೆ ಉಳಿದಿದ್ದ ಉತ್ಸಾಹವೂ ಹೋಯಿತು. ಹೀಗೆ ಲೆಕ್ಕ ಹಾಕುತ್ತಾ ಹಾಕುತ್ತಾ ವರ್ಷಗಳೇ ಉರುಳುತ್ತವೆ. ಮಕ್ಕಳು ಬೆಳೆದು, "ನೀವೇ ಹೋಗಿ ಬನ್ನಿ, ನಾವು ಬರಲ್ಲ" ಅನ್ನುವ ವಯಸ್ಸಿಗೆ ಬಂದುಬಿಡುತ್ತವೆ. ವ್ಯಾಪಾರದ ನಷ್ಟವನ್ನು ಮುಂದಿನ ತಿಂಗಳು ತುಂಬಿಕೊಳ್ಳಬಹುದು. ಈ ನಷ್ಟ ತುಂಬುವಂಥದ್ದಲ್ಲ.

ಹಾಗಾದರೆ ಸಾಲ ಮಾಡಿ ಊರು ಸುತ್ತಬೇಕೆ? ಬೇಕಿಲ್ಲ. ಖರ್ಚಿಗೂ ತಲೆನೋವಿಗೂ ಮೂಲ ಒಂದೇ, ಅದು ದುರಾಸೆ. ಒಂದೇ ದಿನದಲ್ಲಿ ಶ್ರೀರಂಗಪಟ್ಟಣ, ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕೊನೆಗೆ ಬೃಂದಾವನ ಎಲ್ಲಾ ಮುಗಿಸಬೇಕೆಂದು ಹೊರಟರೆ ಟ್ಯಾಕ್ಸಿ ಬೇಕೇ ಬೇಕು. ಟ್ಯಾಕ್ಸಿ ಬಂತೆಂದರೆ ಅವಸರ ಬಂತು, ಬೈಗುಳವೂ ಬಂತು. ಅರ್ಧ ದಿನಕ್ಕೆ ಒಂದೇ ಜಾಗ ಅಂತ ಕಟ್ಟುನಿಟ್ಟು ಮಾಡಿಕೊಂಡರೆ ಖರ್ಚೂ ಇಳಿಯುತ್ತದೆ, ರೇಗಾಟವೂ ಇಳಿಯುತ್ತದೆ.

ಟಿಕೆಟ್ ಲೆಕ್ಕ

ಒಂದು ಸಾಧಾರಣ ಸಂಸಾರ ತೆಗೆದುಕೊಳ್ಳಿ. ಅಪ್ಪ, ಅಮ್ಮ, ಅಜ್ಜಿ, ಹತ್ತು ವರ್ಷದ ಮಗಳು, ಏಳು ವರ್ಷದ ಮಗ, ಒಟ್ಟು ಐದು ಜನ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ಅಂದಿನಿಂದ ರಾಜ್ಯದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರು ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಅಜ್ಜಿ, ಅಮ್ಮ, ಮಗಳು ಮೂವರೂ ಪುಕ್ಕಟೆ ಆಯಿತು. ಮಗನಿಗೆ ಅರ್ಧ ಟಿಕೆಟ್. ಪೂರ್ತಿ ದುಡ್ಡು ಕೊಡಬೇಕಾದವರು ಅಪ್ಪ ಒಬ್ಬರೇ!

2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇಕಡಾ 15 ಏರಿತು ಅಂತ ಗೊಣಗಿದವರು ಬಹಳ. ಆದರೆ ಐವರ ಮನೆಗೆ ಒಂದೂವರೆ ಟಿಕೆಟ್ ಸಾಕಾದರೆ ಆ ಏರಿಕೆ ಅಷ್ಟು ಚುಚ್ಚುವುದಿಲ್ಲ. ಒಂದು ಎಚ್ಚರಿಕೆ: ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೂ ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೂ ಶಕ್ತಿ ನಡೆಯುವುದಿಲ್ಲ. ಬಸ್ಸು ಹತ್ತಿ ಕೂತ ಮೇಲೆ ಜಗಳ ತೆಗೆದು ಪ್ರಯೋಜನವಿಲ್ಲ, ಹತ್ತುವ ಮುಂಚೆಯೇ ಕೇಳಿಕೊಳ್ಳಬೇಕು.

ಬಸ್ಸೋ, ರೈಲೋ?

ಬಸ್ಸು ಅಗ್ಗ, ನಿಜ. ಆದರೆ ಮಕ್ಕಳಿಗೆ "ಅಮ್ಮಾ, ಅರ್ಜೆಂಟು" ಅನ್ನಲು ಹೊತ್ತುಗೊತ್ತು ಇರುವುದಿಲ್ಲ. ರೈಲಿನಲ್ಲಿ ಶೌಚಾಲಯ ಇದೆ, ಎದ್ದು ಓಡಾಡಲು ಜಾಗ ಇದೆ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 139 ಕಿಲೋಮೀಟರು. ಗಾಡಿಯನ್ನು ನೋಡಿಕೊಂಡು ಎರಡರಿಂದ ಮೂರು ಗಂಟೆಯ ದಾರಿ. ಕಿಟಕಿ ಪಕ್ಕ ಕೂತ ಮಗುವಿಗೆ ರಾಮನಗರದ ಬಂಡೆಗಳು ಕಾಣುತ್ತವೆ, ಆಟಿಕೆಯ ಚನ್ನಪಟ್ಟಣ, ವಡೆಯ ಮದ್ದೂರು ಬಂದು ಹೋಗುತ್ತವೆ. ಶ್ರೀರಂಗಪಟ್ಟಣದ ಹತ್ತಿರ ಗಾಡಿ ಕಾವೇರಿ ದಾಟುವಾಗ ಯಾವ ಮಗುವೂ ನಿದ್ದೆ ಮಾಡುವುದಿಲ್ಲ.

ರೈಲಿನ ಟಿಕೆಟ್ ಕಾನೂನು ಬಸ್ಸಿನ ಹಾಗಲ್ಲ. ಐದು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಸೀಟು ಬೇಡವಾದರೆ ಟಿಕೆಟ್ಟೂ ಬೇಡ. ಐದು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಜನರಲ್ ಡಬ್ಬಿಯಲ್ಲಿ ಅರ್ಧ. ಆದರೆ 2016ರ ಏಪ್ರಿಲ್ 21ರಿಂದ, ರಿಸರ್ವೇಶನ್ನಿನಲ್ಲಿ ಈ ವಯಸ್ಸಿನ ಮಗುವಿಗೆ ಬೇರೆ ಸೀಟು ಕೇಳಿದರೆ ಪೂರ್ತಿ ದರ ಬೀಳುತ್ತದೆ. "ಮೊದಲೆಲ್ಲಾ ಅರ್ಧ ಇತ್ತಲ್ಲಾ ಸ್ವಾಮಿ" ಅಂತ ಕೌಂಟರಿನಲ್ಲಿ ವಾದಿಸಿದರೆ ಹಿಂದಿನ ಸಾಲಿನವರ ಬೈಗುಳ ಗ್ಯಾರಂಟಿ.

ರಿಸರ್ವೇಶನ್ ಮಾಡಿಸುವವರು ಇನ್ನೊಂದು ತಿಳಿದಿರಬೇಕು. 120 ದಿನ ಮೊದಲೇ ಸೀಟು ಹಿಡಿಯುವ ಕಾಲ ಮುಗಿದಿದೆ. 2024ರ ನವೆಂಬರ್ 1ರಿಂದ ಮುಂಗಡ ಅವಧಿ 60 ದಿನ. ಜನರಲ್ ಡಬ್ಬಿಯಲ್ಲೇ ಹೋಗುವವರು ಬೆಂಗಳೂರಿನಿಂದಲೇ ಹೊರಡುವ ಗಾಡಿ ಆರಿಸಿಕೊಂಡು, ಮುಕ್ಕಾಲು ಗಂಟೆ ಮುಂಚೆ ಪ್ಲಾಟ್‌ಫಾರಂ ಸೇರಬೇಕು. ದೂರದ ಊರಿನಿಂದ ಬರುವ ಗಾಡಿ ಇಲ್ಲಿಗೆ ಮುಟ್ಟುವ ಹೊತ್ತಿಗೇ ತುಂಬಿರುತ್ತದೆ.

ಕುಮಾರ ಪಾರ್ಕಿನವರಿಗೆ ಒಂದು ಅನುಕೂಲ ಇದ್ದೇ ಇದೆ. ಮೆಜೆಸ್ಟಿಕ್ ಪಕ್ಕದಲ್ಲೇ. ಸಂಪಿಗೆ ರಸ್ತೆ ಮೆಟ್ರೊ ನಿಲ್ದಾಣದಿಂದ ಒಂದೇ ಸ್ಟಾಪು. ಭಾನುವಾರ ಮಾತ್ರ ಮೆಟ್ರೊ ತಡವಾಗಿ ಏಳುತ್ತದೆ, ಬೆಳಗಿನ ಗಾಡಿ ಹಿಡಿಯುವವರು ಹಿಂದಿನ ರಾತ್ರಿಯೇ ಆಟೋದವರಿಗೆ ಹೇಳಿಟ್ಟಿರಬೇಕು. ಬಸ್ಸಿಗೆ ಹೋಗುವವರು ನೆನಪಿಡಬೇಕು: ಮೈಸೂರು ಕಡೆಯ ಬಸ್ಸುಗಳಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಹೋಗಬೇಕು.

ಸ್ಕೂಟರಿನಲ್ಲೇ ಹೋಗಿಬಿಡೋಣ ಅನ್ನುವ ಸಾಹಸಿಗಳೂ ಇದ್ದಾರೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ ಅದೇ ವರ್ಷ ಆಗಸ್ಟ್‌ನಿಂದ ದ್ವಿಚಕ್ರ ವಾಹನಕ್ಕೂ ಆಟೋಗೂ ಪ್ರವೇಶ ಇಲ್ಲ. ಮಕ್ಕಳನ್ನು ಮುಂದೊಂದು ಹಿಂದೊಂದು ಕೂರಿಸಿಕೊಂಡು ಹೋಗುವ ದಾರಿ ಇದಲ್ಲವೇ ಅಲ್ಲ.

ಮಂಗಳವಾರದ ಮೋಸ

ವಾರದ ರಜೆ ಮಂಗಳವಾರ ಇಟ್ಟುಕೊಂಡ ಅಂಗಡಿಯವರು ಜೋಪಾನ. ಮೈಸೂರು ಮೃಗಾಲಯಕ್ಕೂ ಮಂಗಳವಾರವೇ ರಜೆ! ದಸರಾ, ಬೇಸಿಗೆ ರಜೆಯ ಕೆಲವು ಮಂಗಳವಾರ ತೆರೆದಿಡುವುದುಂಟು. ಆದರೆ ವಿಚಾರಿಸದೆ ಹೋಗಿ ಬೀಗ ನೋಡಿಕೊಂಡು ಬಂದರೆ ಮಕ್ಕಳ ಅಳು ಮಂಡ್ಯದವರೆಗೂ ಕೇಳುತ್ತದೆ. ಬನ್ನೇರುಘಟ್ಟಕ್ಕೂ ಇದೇ ಮಾತು.

ಜಂಬೂ ಸವಾರಿಯ ಹಿಂದುಮುಂದಿನ ದಿನಗಳಲ್ಲಿ ಪುಟ್ಟ ಮಕ್ಕಳೊಡನೆ ಮೈಸೂರಿಗೆ ಹೋಗದಿರುವುದೇ ಜಾಣತನ. ಆಗ ಲಾಡ್ಜಿನ ಬಾಡಿಗೆ ಗಗನಕ್ಕೆ, ಮಕ್ಕಳು ಅಪ್ಪನ ಹೆಗಲಿಗೆ. ದಸರಾ ವಸ್ತುಪ್ರದರ್ಶನ ಹಬ್ಬ ಮುಗಿದ ಮೇಲೂ ವಾರಗಟ್ಟಲೆ ಇರುತ್ತದೆ. ನೂಕುನುಗ್ಗಲು ಇಳಿದ ಮೇಲೆ ಹೋದರೆ ಮಕ್ಕಳ ಕಣ್ಣಿಗೂ ಏನಾದರೂ ಬೀಳುತ್ತದೆ.

ಭಾನುವಾರ ಹೋಗಿ ಸೋಮವಾರ ವಾಪಸ್

ಅಂಗಡಿಯವರಿಗೆ ಒಪ್ಪುವ ಲೆಕ್ಕ ಇದು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವುದು. ಮಧ್ಯಾಹ್ನ ಮೈಸೂರು ಸೇರಿ, ಊಟ ಮಾಡಿ, ಮಕ್ಕಳನ್ನು ಒಂದು ಗಂಟೆ ಮಲಗಿಸುವುದು. ಈ ನಿದ್ದೆ ತಪ್ಪಿಸಿದವರೇ ಸಂಜೆ ಪಶ್ಚಾತ್ತಾಪ ಪಡುವವರು. ಎದ್ದ ಮೇಲೆ ರೈಲು ನಿಲ್ದಾಣದ ಹತ್ತಿರವೇ ಇರುವ ರೈಲು ವಸ್ತು ಸಂಗ್ರಹಾಲಯ ನೋಡಬಹುದು. 1979ರಲ್ಲಿ ಶುರುವಾದದ್ದು. ಹಳೆಯ ಉಗಿಬಂಡಿಗಳು, ಮಹಾರಾಣಿಯವರ ಡಬ್ಬಿ ಅಲ್ಲಿವೆ.

ಸಂಜೆ ಅರಮನೆ. ಭಾನುವಾರ ರಾತ್ರಿ ಏಳರ ಸುಮಾರಿಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತಿಕೊಳ್ಳುತ್ತವೆ. ಭಾನುವಾರವೇ ಹೋಗಬೇಕು ಅನ್ನುವುದು ಇದಕ್ಕಾಗಿ. 1897ರಲ್ಲಿ ಹಳೇ ಅರಮನೆ ಬೆಂಕಿಗೆ ಸಿಕ್ಕಿತು, ಈಗಿನದು 1912ರಲ್ಲಿ ಪೂರ್ತಿಯಾಯಿತು ಅಂತ ಅಜ್ಜಿ ಕಥೆ ಹೇಳಲು ಇದೇ ಸಮಯ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೃಗಾಲಯ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದ ತೋಟ ಇದು. ಒಳಗೆ ಸುತ್ತಲು ಎರಡು ಮೂರು ಗಂಟೆಯ ನಡಿಗೆ ಬೇಕು. ಬಿಸಿಲೇರುವ ಮೊದಲು ಹೋದರೆ ಪ್ರಾಣಿಗಳೂ ಚುರುಕು, ಮಕ್ಕಳೂ ಚುರುಕು. ನಡೆಯಲಾರದ ಅಜ್ಜಿಗೆ ಬ್ಯಾಟರಿ ಗಾಡಿ ಸಿಗುತ್ತದೆ. ಊಟ ಮುಗಿಸಿ ಮಧ್ಯಾಹ್ನದ ಗಾಡಿ ಹಿಡಿದರೆ ರಾತ್ರಿ ಊಟಕ್ಕೆ ಮನೆ. ಭಾನುವಾರ ಸಂಜೆ ಬೆಂಗಳೂರಿಗೆ ಮರಳುವವರ ನೂಕಾಟವೂ ತಪ್ಪಿತು.

ಬೆಟ್ಟ, ಕೆಆರ್‌ಎಸ್ ನೋಡಲಿಲ್ಲವಲ್ಲಾ ಅಂದರೆ, ಮೈಸೂರು ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದಿನ ವರ್ಷಕ್ಕೆ ಏನಾದರೂ ಉಳಿದಿರಲಿ.

ಊಟ, ಓಕರಿಕೆ, ಗಂಟುಮೂಟೆ

ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಪ್ರಯಾಣದ ಓಕರಿಕೆ ಹೆಚ್ಚು. ದೇಹ ಅಲುಗುತ್ತಿದೆ ಅಂತ ಕಿವಿಯ ಒಳಭಾಗ ಹೇಳುತ್ತದೆ, ಕೈಯಲ್ಲಿರುವ ಫೋನು ನೋಡುವ ಕಣ್ಣು ಅಲುಗಾಟ ಇಲ್ಲ ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಫೋನು ಕಿತ್ತಿಟ್ಟು, ಕಿಟಕಿಯಾಚೆ ದೂರದ ಗುಡ್ಡ ನೋಡಲು ಹೇಳಬೇಕು. ಬಸ್ಸಿನಲ್ಲಾದರೆ ಮುಂದಿನ ಸೀಟು ಮೇಲು, ಹಿಂದಿನ ಚಕ್ರದ ಮೇಲಿನದು ಬೇಡ. ಹೊಟ್ಟೆ ಬಿರಿಯೆ ಪೂರಿ ತಿನ್ನಿಸಿ ಹತ್ತಿಸುವುದೂ ಬೇಡ, ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು.

ಬುತ್ತಿಗೆ ಚಪಾತಿ, ಚಟ್ನಿಪುಡಿ, ಮೊಸರನ್ನ, ಬಾಳೆಹಣ್ಣು. ಕಾಯಿಸಿ ಆರಿಸಿದ ನೀರು ಮನೆಯಿಂದಲೇ. ಒಂದೆರಡು ಓಆರ್‌ಎಸ್ ಪೊಟ್ಟಣ ಇರಲಿ. ಅದನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು, ಅಂದಾಜಿಗಲ್ಲ. ಹೊರಡುವ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪುಳಿಯೋಗರೆ, ಕೋಡುಬಳೆ ಅಂತ ಅಮ್ಮನೊಬ್ಬಳೇ ಒದ್ದಾಡುವಂತಾದರೆ ಅದು ಅವಳಿಗೆ ರಜೆಯಲ್ಲ, ಡಬಲ್ ಡ್ಯೂಟಿ. ಬುತ್ತಿ ಕಟ್ಟಲು ಅಪ್ಪನೂ ಕೈ ಹಾಕಲಿ.

ಗಂಟು ಎಷ್ಟು? ಪ್ರತಿ ಮಗು ತನ್ನ ಶಾಲೆಯ ಚೀಲದಲ್ಲಿ ತನ್ನ ಬಟ್ಟೆ ತಾನೇ ಹೊರುವಷ್ಟು. ಪ್ರತಿ ಮಗುವಿನ ಜೇಬಿನಲ್ಲಿ ಅಪ್ಪ ಅಮ್ಮನ ಫೋನ್ ನಂಬರು ಬರೆದ ಚೀಟಿ ಇರಲೇಬೇಕು. ರೈಲಿನಲ್ಲಿ ತೊಂದರೆಯಾದರೆ 139, ಮಗು ತಪ್ಪಿಸಿಕೊಂಡರೆ 1098 ಅಂತ ದೊಡ್ಡವರಿಗೂ ಬಾಯಿಪಾಠ ಇರಲಿ.

ಮೊದಲು ಮನೆ ಹತ್ತಿರ

ಮೈಸೂರಿಗೂ ಧೈರ್ಯ ಸಾಲದವರು ಒಂದು ಅರ್ಧ ದಿನದ ಪರೀಕ್ಷೆ ಮಾಡಬಹುದು. ಹೈಗ್ರೌಂಡ್ಸ್ ಕಡೆ ನಡೆದರೆ 1989ರಲ್ಲಿ ಶುರುವಾದ ನೆಹರೂ ತಾರಾಲಯ. ಸೋಮವಾರ ಮಾತ್ರ ಬಾಗಿಲು ಹಾಕಿರುತ್ತದೆ. ಸ್ವಲ್ಪ ಆಚೆ ಹೋದರೆ ಕಬ್ಬನ್ ಪಾರ್ಕಿನ ಬಾಲಭವನ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯ. ಮಗು ಎಷ್ಟು ಹೊತ್ತು ನಡೆಯುತ್ತದೆ, ಯಾವಾಗ ಹಸಿಯುತ್ತದೆ, ಯಾವಾಗ ಹಟ ಹಿಡಿಯುತ್ತದೆ ಅನ್ನುವುದು ಅಲ್ಲೇ ಗೊತ್ತಾಗಿಬಿಡುತ್ತದೆ. ಅದೇ ಮೈಸೂರಿನ ಟೈಮ್‌ಟೇಬಲ್.

ಊರು ಬಿಟ್ಟು ಹೋಗುವುದೆಂದರೆ ಓಡುವುದೇ ಆಗಬೇಕಿಲ್ಲ. 1927ರಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿ ವಾರಗಟ್ಟಲೆ ನಂದಿ ಬೆಟ್ಟದಲ್ಲಿ ಸುಧಾರಿಸಿಕೊಂಡು, ಆಮೇಲೆ ಬಂದು ತಂಗಿದ್ದು ಇದೇ ಕುಮಾರ ಪಾರ್ಕಿನಲ್ಲಿ. ದೇಶವನ್ನೇ ಸುತ್ತಿದವರೂ ಒಂದು ಕಡೆ ನಿಂತು ಉಸಿರು ಬಿಟ್ಟರು. ಸಂಸಾರಸ್ಥರು ಎರಡು ದಿನಕ್ಕೆ ಐದು ಊರು ಸುತ್ತಬೇಕೆ?

ಉಳಿದದ್ದು ಗಿರಾಕಿಗಳ ಚಿಂತೆ. ನಾಲ್ಕು ದಿನ ಮೊದಲೇ ಅಂಗಡಿ ಮುಂದೆ ಹಲಗೆ ತೂಗುಹಾಕಿದರೆ ಬೇಕಾದವರು ಬೇಕಾದ್ದನ್ನು ಶನಿವಾರವೇ ಒಯ್ಯುತ್ತಾರೆ. ಬರೆಯಬೇಕಾದ್ದು ಎರಡೇ ಸಾಲು: "ಭಾನುವಾರ, ಸೋಮವಾರ ಅಂಗಡಿ ಇಲ್ಲ. ಮಕ್ಕಳ ಜತೆ ಊರಿಗೆ ಹೋಗಿದ್ದೇವೆ, ಮಂಗಳವಾರ ಸಿಗುತ್ತೇವೆ."